ಶುಕ್ರನ ನೆಲ ಕಾದಿರುವುದು ಒತ್ತಡದಿಂದಲೇ?

ಪ್ರಶ್ನೆ: ಶುಕ್ರನ ನೆಲದ ಮೇಲಿನ ವಾತಾವರಣದ ಒತ್ತಡ ಭೂಮಿಯದಕ್ಕಿಂತ ತೊಂಬತ್ತು ಪಟ್ಟಿಗೂ ಹೆಚ್ಚು. ಅನಿಲವನ್ನು ಒತ್ತಿದರೆ ಬಿಸಿಯಾಗುತ್ತದೆ ಎಂದು ಶಾಲೆಯಲ್ಲೇ ಓದಿದ್ದೇವೆ. ಹಾಗಿದ್ದರೆ ಅಲ್ಲಿನ 460 ಡಿಗ್ರಿ ಶಾಖಕ್ಕೆ ಒತ್ತಡ ಮತ್ತು ಬಿಸಿಲು ಎರಡೇ ಸಾಲದೆ? ಕಾರ್ಬನ್ ಡೈಆಕ್ಸೈಡನ್ನು ಯಾಕೆ ಎಳೆದು ತರುತ್ತಾರೆ? ಮಂಗಳದ ಗಾಳಿಯಲ್ಲೂ ಶೇ 95ರಷ್ಟು ಅದೇ ಅನಿಲ, ಆದರೆ ಅಲ್ಲಿ ಕೊರೆಯುವ ಚಳಿ. ಒತ್ತಡ, ಬಿಸಿಲು ಎರಡನ್ನೇ ಇಟ್ಟುಕೊಂಡು ಆರು ಗ್ರಹ-ಉಪಗ್ರಹಗಳ ತಾಪವನ್ನು ಕರಾರುವಾಕ್ಕಾಗಿ ಹೇಳುವ ಸೂತ್ರವೊಂದಿದೆಯಂತೆ. ಶುಕ್ರನಲ್ಲಿ ನಮ್ಮ ಭೂಮಿಯಷ್ಟೇ ಒತ್ತಡ ಇರುವ ಎತ್ತರಕ್ಕೆ ಹೋದರೆ, ಅಲ್ಲಿನ ತಾಪ ಸೂರ್ಯನ ದೂರದ ಲೆಕ್ಕಕ್ಕೆ ಸರಿಯಾಗಿ ಕೂಡಿ ಬರುತ್ತದೆ ಎಂದೂ ಓದಿದೆ. ಈ ವಾದದಲ್ಲಿ ತಪ್ಪೆಲ್ಲಿದೆ?

ಉತ್ತರ: ಭೌತಶಾಸ್ತ್ರ ಬಲ್ಲವರೂ ಒಮ್ಮೊಮ್ಮೆ ಈ ವಾದಕ್ಕೆ ತಲೆದೂಗುತ್ತಾರೆ. ಅದರಲ್ಲಿ ಬರುವ ಬಿಡಿ ಸಂಗತಿಗಳು ಹೆಚ್ಚಿನವು ನಿಜವಾಗಿರುವುದೇ ಇದಕ್ಕೆ ಕಾರಣ. ಶುಕ್ರನ ಒತ್ತಡ ನಿಜ, ಮಂಗಳದ ಚಳಿ ನಿಜ, ಆ ಎತ್ತರದ ಲೆಕ್ಕವೂ ಅಂಕಿಗಳ ಮಟ್ಟಿಗೆ ನಿಜ. ಅವುಗಳಿಂದ ತೆಗೆದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಗ್ರಹದ ತಾಪ ಎಷ್ಟಿರಬೇಕು ಎಂಬುದರಲ್ಲಿ ಒತ್ತಡದ ಕೈವಾಡ ದೊಡ್ಡದೇ, ಆದರೆ ಶಾಖವನ್ನು ಒದಗಿಸುವುದು ಅದರ ಕೆಲಸವಲ್ಲ.

ಮೊದಲು ಶಾಲೆಯ ಪಾಠವನ್ನೇ ತೆಗೆದುಕೊಳ್ಳೋಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ. ಆ ಬಿಸಿ ಬಂದದ್ದು ಹೊಡೆಯುವವರ ತೋಳಿನ ಶ್ರಮದಿಂದ. ಗಾಳಿಯನ್ನು ಕುಗ್ಗಿಸಲು ಪಟ್ಟ ಶ್ರಮ ಅದರೊಳಗೆ ಶಾಖವಾಗಿ ಸೇರಿತು. ಹೊಡೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿ ನೋಡಿದರೆ ಟೈರಿನೊಳಗೆ ಒತ್ತಡ ಹಾಗೇ ಇರುತ್ತದೆ, ಬಿಸಿ ಆರಿಹೋಗಿರುತ್ತದೆ. ಕುಗ್ಗುತ್ತಿರುವ ಅನಿಲ ಬಿಸಿಯೇರುತ್ತದೆ. ಕುಗ್ಗಿ ಸುಮ್ಮನಿರುವ ಅನಿಲಕ್ಕೆ ಹೊಸ ಶಾಖ ಎಲ್ಲಿಂದಲೂ ಬರುವುದಿಲ್ಲ. ತುಂಬಿದ ಆಕ್ಸಿಜನ್ ಸಿಲಿಂಡರಿನೊಳಗಿನ ಒತ್ತಡ ಸಾಮಾನ್ಯವಾಗಿ ಶುಕ್ರನ ನೆಲದ ಒತ್ತಡವನ್ನೂ ಮೀರಿಸುತ್ತದೆ, ಆದರೂ ಸಿಲಿಂಡರ್ ಅದು ನಿಂತಿರುವ ಕೋಣೆಯಷ್ಟೇ ತಣ್ಣಗಿರುತ್ತದೆ.

ಶುಕ್ರನ ವಾತಾವರಣ ಯಾವಾಗಲೋ ತನ್ನ ಭಾರಕ್ಕೆ ತಾನೇ ಕುಸಿದು ನಿಂತದ್ದು. ಅದು ಇಂದು ಕುಗ್ಗುತ್ತಿಲ್ಲ. ಕುಸಿಯುವಾಗ ಎಷ್ಟೇ ಬಿಸಿ ಹುಟ್ಟಿದ್ದರೂ ಅದು ಎಂದೋ ಬಾಹ್ಯಾಕಾಶಕ್ಕೆ ಸೋರಿಹೋಗಿರಬೇಕು. ಇನ್ನೂ ಕುಗ್ಗುತ್ತಲೇ ಇರುವ ಗ್ರಹ ಬೇಕಿದ್ದರೆ ಗುರುವನ್ನು ನೋಡಿ. ಅದು ಸೂರ್ಯನಿಂದ ಹೀರುವುದಕ್ಕಿಂತ ಬಹಳ ಹೆಚ್ಚು ಶಕ್ತಿಯನ್ನು ಹೊರಗೆ ಚೆಲ್ಲುತ್ತದೆ. ಹುಟ್ಟುವಾಗಿನ ಶಾಖ ಇನ್ನೂ ಆರುತ್ತಿರುವುದು ಮತ್ತು ಗ್ರಹ ನಿಧಾನವಾಗಿ ಕುಗ್ಗುತ್ತಿರುವುದು ಇದಕ್ಕೆ ಕಾರಣ. ಗುರುತ್ವ ಶಾಖ ಕೊಡುವುದೆಂದರೆ ಹೀಗೆ. ಹಾಗೆ ಕೊಟ್ಟಾಗ ಅದು ಮುಚ್ಚಿಡಲಾಗದ ಸಂಗತಿ: ಗ್ರಹದಿಂದ ಹೊರಹೋಗುವ ಶಕ್ತಿ ಒಳಬರುವುದಕ್ಕಿಂತ ಹೆಚ್ಚಿರುತ್ತದೆ, ಅದನ್ನು ಅಳೆಯಬಹುದು. ಶುಕ್ರನಲ್ಲಿ ಅಂಥ ಹೆಚ್ಚುವರಿ ಇಲ್ಲ. ಹೀರಿದಷ್ಟನ್ನೇ ಅದು ಹೊರಬಿಡುತ್ತದೆ.

ಇನ್ನೊಂದು ಎಡವಟ್ಟು ಅನಿಲ ನಿಯಮವನ್ನು ಓದುವ ರೀತಿಯಲ್ಲಿದೆ. ಒತ್ತಡ, ಸಾಂದ್ರತೆ, ತಾಪ ಈ ಮೂರನ್ನು ಕಟ್ಟಿಹಾಕುವ ಸಮೀಕರಣವನ್ನು ಮುಂದಿಟ್ಟು, ‘ಒತ್ತಡ ಗೊತ್ತಿದ್ದರೆ ತಾಪ ಗೊತ್ತಾಯಿತು’ ಎನ್ನುವವರಿದ್ದಾರೆ. ಗೊತ್ತಾಗುವುದಿಲ್ಲ, ಸಾಂದ್ರತೆಯೂ ಗೊತ್ತಿರಬೇಕು. ನೆಲದ ಮೇಲಿನ ಒತ್ತಡ ಎಂದರೆ ಅಲ್ಲಿಂದ ಮೇಲಕ್ಕಿರುವ ಗಾಳಿಯ ತೂಕ ಅಷ್ಟೆ. ಭೂಮಿಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಹತ್ತು ಟನ್ ಗಾಳಿ ಕೂತಿದೆ. ಆ ಗಾಳಿಯನ್ನೆಲ್ಲ ಇಪ್ಪತ್ತು ಡಿಗ್ರಿ ಬಿಸಿ ಮಾಡಿದರೂ ತೂಕ ಅದೇ, ಬುಡದ ಒತ್ತಡವೂ ಅದೇ. ಗಾಳಿ ಉಬ್ಬಿ ಇನ್ನಷ್ಟು ಎತ್ತರಕ್ಕೆ ಹರಡಿಕೊಳ್ಳುತ್ತದೆ, ಸಾಂದ್ರತೆ ಇಳಿಯುತ್ತದೆ, ಸಮೀಕರಣ ಸರಿಹೋಗುತ್ತದೆ. ಅಂದಹಾಗೆ ಭೂಮಿಯ ಮೇಲೆ ದಾಖಲಾದ ಅತಿ ಹೆಚ್ಚಿನ ವಾಯುಭಾರಗಳಲ್ಲೊಂದು, 1083.8 ಮಿಲಿಬಾರ್, ಸಿಕ್ಕಿದ್ದು ಸೈಬೀರಿಯದ ಅಗಾಟಾದಲ್ಲಿ, 1968ರ ಡಿಸೆಂಬರ್ 31ರಂದು, ಕಡು ಚಳಿಗಾಲದಲ್ಲಿ. ಇದನ್ನು ಸಾಕ್ಷ್ಯವೆಂದು ಮುಂದಿಡುತ್ತಿಲ್ಲ, ಹವಾಮಾನದ ಏರಿಳಿತಕ್ಕೆ ಬೇರೆ ಕಾರಣಗಳಿವೆ. ಆದರೂ ‘ಒತ್ತಡ ಏರಿದಲ್ಲಿ ಶಾಖ ಏರಬೇಕು’ ಎನ್ನುವವರು ಒಮ್ಮೆ ಇದನ್ನು ನೆನೆದರೆ ಒಳ್ಳೆಯದು.

ಈಗ ಶಕ್ತಿಯ ಜಮಾಖರ್ಚಿಗೆ ಬರೋಣ. ವಾದ ಬೀಳುವುದೇ ಇಲ್ಲಿ.

ಸೂರ್ಯನಿಂದ ಭೂಮಿಯ ದೂರದಲ್ಲಿ ಬಿಸಿಲಿಗೆ ನೇರ ಒಡ್ಡಿದ ಪ್ರತಿ ಚದರ ಮೀಟರಿಗೆ 1361 ವ್ಯಾಟ್ ಬೀಳುತ್ತದೆ. ಗೋಳದ ಒಟ್ಟು ಮೈಗೆ ಹಂಚಿದರೆ ಅದರ ಕಾಲುಭಾಗ, ಅಂದರೆ 340. ಅದರಲ್ಲಿ ಶೇ 30ನ್ನು ಮೋಡ, ಹಿಮ, ಮರಳು ಹಿಂದಕ್ಕೆ ಕಳಿಸುತ್ತವೆ. ಉಳಿಯುವುದು 240 ವ್ಯಾಟ್. ತಾಪ ಸ್ಥಿರವಾಗಿರಬೇಕಾದರೆ ಭೂಮಿ ಅಷ್ಟನ್ನೇ ಅವಕೆಂಪು ಕಿರಣಗಳ, ಅಂದರೆ ಕಣ್ಣಿಗೆ ಕಾಣದ ಶಾಖಕಿರಣಗಳ, ರೂಪದಲ್ಲಿ ಹೊರಬಿಡಬೇಕು. 240 ವ್ಯಾಟ್ ಹೊರಬಿಡುವ ಮೈಯ ತಾಪ 255 ಕೆಲ್ವಿನ್, ನಮ್ಮ ಅಳತೆಯಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಆದರೆ ಭೂಮಿಯ ನೆಲದ ಸರಾಸರಿ ಸುಮಾರು 15 ಡಿಗ್ರಿ. ಅಷ್ಟು ಬೆಚ್ಚಗಿರುವ ನೆಲ 390 ವ್ಯಾಟ್ ಹೊರಸೂಸುತ್ತದೆ. ನೆಲ ಸೂಸುವುದು 390, ಬಾಹ್ಯಾಕಾಶಕ್ಕೆ ಹೋಗುವುದು 240. ನಡುವಿನ 150 ವ್ಯಾಟನ್ನು ಗಾಳಿಯಲ್ಲಿ ಯಾವುದೋ ಒಂದು ತಡೆಯುತ್ತಿದೆ.

ಈ ಗಾಳಿಯ ಬದಲು ಅವಕೆಂಪು ಕಿರಣಗಳಿಗೆ ಪೂರ್ತಿ ಪಾರದರ್ಶಕವಾದ ಅನಿಲವೊಂದನ್ನು ಕಲ್ಪಿಸಿಕೊಳ್ಳಿ. ಒತ್ತಡ ಬೇಕಾದಷ್ಟಿರಲಿ, ಶುಕ್ರನಷ್ಟೇ ಇರಲಿ. ಆಗ ನೆಲ ಸೂಸಿದ್ದೆಲ್ಲ ತಡೆಯಿಲ್ಲದೆ ಹೊರಟುಹೋಗುತ್ತದೆ. ನೆಲ 15 ಡಿಗ್ರಿಯಲ್ಲಿದ್ದರೆ 390 ವ್ಯಾಟ್ ಹೊರಗೆ, 240 ಒಳಗೆ. ಗ್ರಹ ಪ್ರತಿ ಕ್ಷಣ ಶಕ್ತಿ ಕಳೆದುಕೊಳ್ಳುತ್ತ ತಣಿಯುತ್ತದೆ, ನೆಲ ಸೂಸುವುದು 240ಕ್ಕೆ ಇಳಿಯುವವರೆಗೂ ತಣಿಯುತ್ತಲೇ ಹೋಗುತ್ತದೆ. ಒತ್ತಡ ಆ ತಣಿಯುವಿಕೆಯನ್ನು ನಿಲ್ಲಿಸಬೇಕಾದರೆ ಕೊನೆಯಿಲ್ಲದೆ ಶಕ್ತಿ ಪೂರೈಸುತ್ತಿರಬೇಕು. ಕದಲದೆ ಕೂತ ಭಾರಕ್ಕೆ ಅದು ಸಾಧ್ಯವಿಲ್ಲ. ಈ ವಾದಕ್ಕೆ ಹವಾಮಾನ ಮಾದರಿಗಳೂ ಬೇಡ, ಕಂಪ್ಯೂಟರೂ ಬೇಡ. ಶಕ್ತಿ ಉಳಿಯುತ್ತದೆ ಎಂಬ ನಿಯಮ, ಬಿಸಿಯಾದ ವಸ್ತು ಕಿರಣ ಸೂಸುತ್ತದೆ ಎಂಬ ನಿಯಮ, ಎರಡೇ ಸಾಕು.

ಶುಕ್ರನ ಅಂಕಿಗಳು ಇನ್ನೂ ಬೆರಗಿನವು. ಅಲ್ಲಿ ಬಿಸಿಲು ಭೂಮಿಯದರ ಎರಡು ಪಟ್ಟಿಗೆ ಹತ್ತಿರ, 2600 ವ್ಯಾಟ್. ಆದರೆ ಗಂಧಕಾಮ್ಲದ ಬಿಳಿ ಮೋಡ ಇಡೀ ಗ್ರಹವನ್ನು ಕವಿದು ಮುಕ್ಕಾಲು ಭಾಗವನ್ನು ಹಿಂದಕ್ಕೆ ಎರಚುತ್ತದೆ. ಕೊನೆಗೆ ಶುಕ್ರ ಹೀರಿಕೊಳ್ಳುವುದು ಚದರ ಮೀಟರಿಗೆ 155-160 ವ್ಯಾಟ್, ಭೂಮಿ ಹೀರುವುದಕ್ಕಿಂತ ಕಡಿಮೆ! ಅಷ್ಟರಿಂದ ಸಿಗುವ ತಾಪ ಸೊನ್ನೆಗಿಂತ 43 ಡಿಗ್ರಿ ಕೆಳಗೆ. ನಿಜವಾದ ನೆಲ 464 ಡಿಗ್ರಿ. ಅಂಥ ನೆಲ ಸೂಸುವುದು 16,700 ವ್ಯಾಟ್, ಬಾಹ್ಯಾಕಾಶಕ್ಕೆ ಹೋಗುವುದು ಅದರ ನೂರನೇ ಒಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲನ್ನು ಹಿಡಿದಿಟ್ಟಿರುವುದು ಯಾವುದು ಎಂಬುದೇ ಪ್ರಶ್ನೆ. ಬಿಸಿಲಿನಲ್ಲಿ ನೆಲದವರೆಗೆ ಇಳಿಯುವುದು ಶೇಕಡಾ ಕೆಲವೇ ಪಾಲು, ಆದರೂ ಅಷ್ಟು ಸಾಕು, ಯಾಕೆಂದರೆ ಹೊರಬೀಳುವ ದಾರಿ ಅದಕ್ಕಿಂತ ಕಿರಿದು. ಶೇ 96.5ರಷ್ಟಿರುವ ಕಾರ್ಬನ್ ಡೈಆಕ್ಸೈಡ್, ಅದು ಬಿಟ್ಟ ಸಂದುಗಳನ್ನು ಮುಚ್ಚುವ ಅಲ್ಪಸ್ವಲ್ಪ ನೀರಾವಿ ಮತ್ತು ಗಂಧಕದ ಡೈಆಕ್ಸೈಡ್, ಜೊತೆಗೆ ಮೋಡ. ತಡೆ ಎಂದರೆ ಇವೇ.

ಹಾಗಾದರೆ ಒತ್ತಡಕ್ಕೆ ಇಲ್ಲಿ ಕೆಲಸವೇ ಇಲ್ಲವೆ? ಇದೆ. ಗಾಳಿಯ ಒಂದು ತುಂಡು ಮೇಲೇರಿದರೆ ಸುತ್ತಲ ಒತ್ತಡ ಇಳಿದು ಅದು ಹಿಗ್ಗುತ್ತದೆ, ತಣಿಯುತ್ತದೆ. ಕೆಳಗಿಳಿದರೆ ಕುಗ್ಗುತ್ತದೆ, ಬಿಸಿಯಾಗುತ್ತದೆ. ಕಲಕುತ್ತಿರುವ ವಾತಾವರಣದಲ್ಲಿ ಹೀಗೆ ಒಂದು ಇಳಿಜಾರು ಏರ್ಪಡುತ್ತದೆ, ಕೆಳಗೆ ಬೆಚ್ಚಗೆ, ಮೇಲೆ ತಂಪಗೆ. ಒಣಗಾಳಿಯಲ್ಲಿ ಅದು ಎಷ್ಟು ಕಡಿದಾಗಿರಬೇಕೆಂದು ನಿರ್ಧರಿಸುವುದು ಗುರುತ್ವ ಮತ್ತು ಅನಿಲದ ಶಾಖಧಾರಣ ಗುಣ. ಭೂಮಿಯ ಒಣಗಾಳಿಗೆ ಕಿಲೋಮೀಟರಿಗೆ 9.8 ಡಿಗ್ರಿ, ನೀರಾವಿ ಮೋಡವಾಗುವಾಗ ಬಿಡುವ ಶಾಖ ಸೇರಿ ಸರಾಸರಿ 6.5ಕ್ಕೆ ಇಳಿಯುತ್ತದೆ. ಇಲ್ಲಿ ಒಂದು ಕಡೆ ಇಳಿಯುವ ಗಾಳಿ ಗಳಿಸಿದ್ದನ್ನು ಇನ್ನೊಂದು ಕಡೆ ಏರುವ ಗಾಳಿ ಕಳೆಯುತ್ತದೆ. ಒಟ್ಟಿನಲ್ಲಿ ಶಕ್ತಿಯ ಗಳಿಕೆ ಸೊನ್ನೆ.

ಒತ್ತಡದ ವಾದಿಗಳು ಈ ಇಳಿಜಾರನ್ನು ತೋರಿಸಿ ನೆಲ ಬಿಸಿಯಿರುವುದಕ್ಕೆ ಇದೇ ಕಾರಣ ಎನ್ನುತ್ತಾರೆ. ಇಳಿಜಾರು ಗೊತ್ತಾದರೆ ಎರಡು ಎತ್ತರಗಳ ನಡುವಿನ ವ್ಯತ್ಯಾಸ ಗೊತ್ತಾಗುತ್ತದೆ. ಯಾವ ಎತ್ತರದಲ್ಲಿ ತಾಪ ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಅದನ್ನು ಗೊತ್ತುಮಾಡುವುದು, ಅವಕೆಂಪು ಕಿರಣಗಳು ಸರಾಸರಿ ಯಾವ ಎತ್ತರದಿಂದ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುತ್ತವೆ ಎಂಬುದು. ಆ ಎತ್ತರದಲ್ಲಿ ತಾಪ ಜಮಾಖರ್ಚಿನ ತಾಪಕ್ಕೆ ಸಮನಾಗಿರಬೇಕು. ಭೂಮಿಯಲ್ಲಿ ಆ ಎತ್ತರ ಸುಮಾರು 5 ಕಿಲೋಮೀಟರ್, ಅಲ್ಲಿನ ತಾಪ ಮೈನಸ್ 18. ಅಲ್ಲಿಂದ ಕಿಲೋಮೀಟರಿಗೆ 6.5ರಂತೆ ಕೆಳಗಿಳಿದರೆ ಒಟ್ಟು 33 ಡಿಗ್ರಿ ಸೇರಿ ನೆಲದಲ್ಲಿ 15. ಶುಕ್ರನಲ್ಲಿ ಆ ಎತ್ತರ ಮೋಡದ ನೆತ್ತಿಯಲ್ಲಿ, ಸುಮಾರು 70 ಕಿಲೋಮೀಟರ್ ಮೇಲೆ, ಮೈನಸ್ 43ರಲ್ಲಿ. ಕಿಲೋಮೀಟರಿಗೆ ಏಳಕ್ಕೆ ಸ್ವಲ್ಪ ಮೇಲ್ಪಟ್ಟು ಇಳಿಯುತ್ತ ಬಂದರೆ 464.

ಆ ಎತ್ತರವನ್ನು ಮೇಲಕ್ಕೆ ಎತ್ತಿಟ್ಟಿರುವುದು ಅವಕೆಂಪನ್ನು ಹೀರುವ ಅನಿಲಗಳು ಮತ್ತು ಮೋಡಗಳು. ಅವನ್ನು ತೆಗೆದರೆ ಕಿರಣಗಳು ನೆಲದಿಂದಲೇ ನೇರ ಹೊರಡುತ್ತವೆ, ಮೈನಸ್ ತಾಪ ನೆಲಕ್ಕೇ ಇಳಿಯುತ್ತದೆ. ಅಷ್ಟೇ ಅಲ್ಲ, ಇಳಿಜಾರೇ ಉಳಿಯುವುದು ಕಷ್ಟ. ಕಲಕುವಿಕೆ ನಡೆಯಬೇಕಾದರೆ ಮೇಲಿನ ಗಾಳಿ ಶಾಖವನ್ನು ಕಳೆದುಕೊಳ್ಳುತ್ತಿರಬೇಕು, ಕಿರಣ ಸೂಸದ ಅನಿಲಕ್ಕೆ ಶಾಖ ಕಳೆಯುವ ದಾರಿಯೇ ಇಲ್ಲ. ಹಾಗಾಗಿ ಶುಕ್ರನ ಶಾಖಕ್ಕೆ ದಪ್ಪನೆಯ ವಾತಾವರಣವೂ ಬೇಕು, ಅದು ಅವಕೆಂಪಿಗೆ ಅಪಾರದರ್ಶಕವಾಗಿಯೂ ಇರಬೇಕು. ಎಪ್ಪತ್ತು ಕಿಲೋಮೀಟರಿನಷ್ಟು ಉದ್ದದ ಇಳಿಜಾರಿಗೆ ಜಾಗ ಒದಗಿಸಿದ್ದು ಆ ಅಗಾಧ ಗಾಳಿಯ ರಾಶಿ. ಬರೀ ‘ಕಾರ್ಬನ್ ಡೈಆಕ್ಸೈಡ್ ಇದೆ, ಅದಕ್ಕೇ ಬಿಸಿ’ ಎಂದು ಹೇಳಿ ಮುಗಿಸುವ ಪಠ್ಯಪುಸ್ತಕಗಳೂ ಅರ್ಧ ಮಾತ್ರ ಹೇಳುತ್ತವೆ. ಈ ವಾದ ಹುಟ್ಟಿದ್ದಕ್ಕೆ ಆ ಅರ್ಧಂಬರ್ಧ ವಿವರಣೆಯೂ ಒಂದಿಷ್ಟು ಹೊಣೆ ಎಂದು ನನ್ನ ಅನಿಸಿಕೆ.

ಇನ್ನು ನಿಮ್ಮನ್ನು ಬೆರಗುಗೊಳಿಸಿದ ಆ ಎತ್ತರದ ಲೆಕ್ಕ. ಶುಕ್ರನ ನೆಲದಿಂದ ಸುಮಾರು 50 ಕಿಲೋಮೀಟರ್ ಮೇಲೆ ಒತ್ತಡ ನಮ್ಮ ಸಮುದ್ರ ಮಟ್ಟದಷ್ಟಿದೆ. ಬಿಸಿಲು ಅಲ್ಲಿ ಭೂಮಿಯದರ 1.91 ಪಟ್ಟು. ತಾಪ ಬಿಸಿಲಿನ ನಾಲ್ಕನೇ ಮೂಲದಂತೆ ಏರುವುದರಿಂದ 1.91ರ ನಾಲ್ಕನೇ ಮೂಲ 1.176 ತೆಗೆದು ಭೂಮಿಯ 288 ಕೆಲ್ವಿನ್‌ಗೆ ಗುಣಿಸುತ್ತಾರೆ. ಬರುವುದು 339 ಕೆಲ್ವಿನ್, ಅಂದರೆ 66 ಡಿಗ್ರಿ. ಆ ಎತ್ತರದಲ್ಲಿ ಅಳತೆಗೆ ಸಿಕ್ಕ ತಾಪವೂ 65ರಿಂದ 75 ಡಿಗ್ರಿಯ ಆಸುಪಾಸು. ಮೊದಲ ಬಾರಿ ನೋಡಿದವರಿಗೆ ಇದು ಪವಾಡದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಲೆಕ್ಕದಲ್ಲಿ ಗ್ರಹದ ಮೇಲೆ ಬಿದ್ದ ಬಿಸಿಲೆಲ್ಲ ಸೇರಿದೆ. ಶುಕ್ರ ಮುಕ್ಕಾಲನ್ನು ಹಿಂದಕ್ಕೆಸೆಯುತ್ತದೆ, ಭೂಮಿ ಮೂರನೇ ಒಂದಕ್ಕಿಂತ ಕಡಿಮೆ. ಹಿಂದಕ್ಕೆ ಹೋದ ಬೆಳಕು ಯಾವುದನ್ನೂ ಕಾಯಿಸುವುದಿಲ್ಲ. ಹೀರಿಕೊಂಡದ್ದನ್ನೇ ಲೆಕ್ಕಕ್ಕೆ ಹಿಡಿದರೆ ಶುಕ್ರನಿಗೆ 157, ಭೂಮಿಗೆ 240, ಅನುಪಾತ 0.65, ಅದರ ನಾಲ್ಕನೇ ಮೂಲ 0.9. ಅಂದರೆ 259 ಕೆಲ್ವಿನ್, ಮೈನಸ್ 14 ಡಿಗ್ರಿ. ನಿಜವಾದ ಅಳತೆಗಿಂತ ಎಂಬತ್ತು ಡಿಗ್ರಿ ಕಡಿಮೆ. ಹೊಂದಿಕೆ ಬಂದದ್ದು ಬಿಳಿ ಮೋಡ ತಣಿಸಿದ್ದೂ ಅವಕೆಂಪಿನ ತಡೆ ಕಾಯಿಸಿದ್ದೂ ಆ ಒಂದು ಮಟ್ಟದಲ್ಲಿ ಸರಿಸುಮಾರು ಹೊಡೆದುಹೋದದ್ದರಿಂದ. ಅದೇ ಕಚ್ಚಾ ಲೆಕ್ಕವನ್ನು ಗುರುವಿಗೆ ಹಾಕಿದರೆ ಒಂದು ಬಾರ್ (ಸರಿಸುಮಾರು ನಮ್ಮ ಸಮುದ್ರ ಮಟ್ಟದ ಒತ್ತಡ) ಮಟ್ಟದಲ್ಲಿ 126 ಕೆಲ್ವಿನ್ ಬರಬೇಕು. 1995ರ ಡಿಸೆಂಬರಿನಲ್ಲಿ ಒಳಗಿಳಿದ ಗೆಲಿಲಿಯೋ ಶೋಧಕಕ್ಕೆ ಸಿಕ್ಕಿದ್ದು 166. ಗುರುವಿನ ಒಳಗಿನ ಶಾಖವನ್ನು ಕಳೆದರೂ ಈ ಅಂತರ ಪೂರ್ತಿ ಮುಚ್ಚುವುದಿಲ್ಲ.

ಒತ್ತಡಕ್ಕೆ ಸಂಬಂಧಿಸಿದ ನಿಜವಾದ ಸಾಮ್ಯವೊಂದಿದೆ, ಒತ್ತಡದ ವಾದಿಗಳು ಅದನ್ನು ಹಿಡಿದುಕೊಳ್ಳಬೇಕಿತ್ತು. ಭೂಮಿ, ಶನಿಯ ಉಪಗ್ರಹ ಟೈಟನ್, ಗುರು, ಶನಿ, ಯುರೇನಸ್, ನೆಪ್ಚೂನ್ ಇವೆಲ್ಲದರಲ್ಲೂ ಮೇಲೇರುತ್ತ ತಣಿಯುವ ಗಾಳಿ ಸುಮಾರು 0.1 ಬಾರ್ ಒತ್ತಡದ ಬಳಿ ತಣಿಯುವುದನ್ನು ನಿಲ್ಲಿಸಿ ಮತ್ತೆ ಬೆಚ್ಚಗಾಗತೊಡಗುತ್ತದೆ. ಇಷ್ಟು ಬೇರೆ ಬೇರೆ ಅನಿಲಗಳ ಗೋಳಗಳಲ್ಲಿ ಒಂದೇ ಮಟ್ಟ! ಇದರ ವಿವರಣೆಯನ್ನು ರಾಬಿನ್ಸನ್ ಮತ್ತು ಕ್ಯಾಟ್ಲಿಂಗ್ ಎಂಬ ವಿಜ್ಞಾನಿಗಳು 2014ರಲ್ಲಿ ಕೊಟ್ಟರು. ಒತ್ತಡ ಹೆಚ್ಚಿದಂತೆ ಗಾಳಿ ಅವಕೆಂಪನ್ನು ತಡೆಯುವ ಶಕ್ತಿ ಒತ್ತಡದ ವರ್ಗದಷ್ಟು ವೇಗದಲ್ಲಿ ಏರುತ್ತದೆ. ಹಾಗಾಗಿ 0.1 ಬಾರ್‌ಗಿಂತ ಮೇಲೆ ಗಾಳಿ ಅವಕೆಂಪಿಗೆ ಪಾರದರ್ಶಕ, ಕೆಳಗೆ ದಟ್ಟ. ಅಂದರೆ ಒತ್ತಡ ಕೆಲಸ ಮಾಡಿದ್ದೇ ಅವಕೆಂಪಿನ ತಡೆಯ ಮೂಲಕ.

ಮಂಗಳದ ಒಗಟು ಬಿಡಿಸಿಕೊಳ್ಳುವುದೂ ಇದೇ ಎಳೆಯಿಂದ. ಅಲ್ಲಿನ ಒತ್ತಡ ಬರೀ 6 ಮಿಲಿಬಾರ್. ಆದರೆ ಬಹುಪಾಲು ಕಾರ್ಬನ್ ಡೈಆಕ್ಸೈಡೇ ಆದ್ದರಿಂದ ಪ್ರತಿ ಚದರ ಮೀಟರಿನ ಮೇಲೆ 160 ಕಿಲೋಗ್ರಾಂನಷ್ಟು ಆ ಅನಿಲವಿದೆ. ಭೂಮಿಯಲ್ಲಿ ಆರೇಳು ಕಿಲೋ. ಇಪ್ಪತ್ತೈದು ಪಟ್ಟು ಇದ್ದರೂ ಅಲ್ಲಿನ ಹಸಿರುಮನೆ ಪರಿಣಾಮ, ಅಂದರೆ ಅವಕೆಂಪಿನ ತಡೆಯಿಂದ ಬರುವ ಬಿಸಿ, ಸುಮಾರು 5 ಡಿಗ್ರಿ ಮಾತ್ರ. ‘ನೋಡಿ, ಈ ಅನಿಲಕ್ಕೆ ಶಕ್ತಿಯಿಲ್ಲ’ ಎನ್ನುವವರ ಪ್ರೀತಿಯ ಉದಾಹರಣೆ ಇದು.

ಅಣುವೊಂದು ಅವಕೆಂಪಿನ ಎಲ್ಲ ಬಣ್ಣಗಳನ್ನೂ ಹೀರುವುದಿಲ್ಲ. ತನಗೆ ಹೊಂದುವ ಸಾವಿರಾರು ಸಣ್ಣ ಸಣ್ಣ ಗೆರೆಗಳಲ್ಲಿ ಮಾತ್ರ ಹೀರುತ್ತದೆ, ಗೆರೆ ಗೆರೆಗಳ ನಡುವೆ ಸಂದು. ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದರೆ ಈ ಗೆರೆಗಳು ಕದಡಿ ಅಗಲವಾಗುತ್ತವೆ. ಒತ್ತಡ ಹೆಚ್ಚಿದ್ದಲ್ಲಿ ಡಿಕ್ಕಿಗಳೂ ಹೆಚ್ಚು, ಸಂದುಗಳು ಮುಚ್ಚುತ್ತವೆ. ಮಂಗಳದ ತೆಳುಗಾಳಿಯಲ್ಲಿ ಗೆರೆಗಳು ಕೂದಲೆಳೆಯಷ್ಟು ಸಪೂರ. ಗೆರೆಯ ನಡುಮಧ್ಯ ಎಂದೋ ಕಪ್ಪಾಗಿರುತ್ತದೆ, ಅಲ್ಲಿ ಇನ್ನಷ್ಟು ಅನಿಲ ಸೇರಿಸಿ ಲಾಭವಿಲ್ಲ; ಪಕ್ಕದ ಸಂದುಗಳಿಂದ ಶಾಖ ಸರಾಗವಾಗಿ ನುಸುಳಿಹೋಗುತ್ತದೆ. ಆ ಸಂದುಗಳನ್ನು ತುಂಬಲು ಭೂಮಿಯಲ್ಲಿರುವಂತೆ ನೀರಾವಿಯೂ ಅಲ್ಲಿಲ್ಲ. ಹೀಗಾಗಿ ಮಂಗಳ ಒತ್ತಡ ಮುಖ್ಯ ಎಂಬುದಕ್ಕೆ ಒಳ್ಳೆಯ ಸಾಕ್ಷಿ, ಒತ್ತಡವೇ ಶಾಖದ ಮೂಲ ಎಂಬುದಕ್ಕಲ್ಲ.

ಭೂಮಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸಾರಜನಕ ತಾನಾಗಿ ಅವಕೆಂಪನ್ನು ಹೆಚ್ಚೂಕಡಿಮೆ ಹೀರುವುದೇ ಇಲ್ಲ. ಆದರೆ ನಮ್ಮ ಗಾಳಿಯ ಸಾರಜನಕವನ್ನು ಇಮ್ಮಡಿಯಾಗಿಸಿದರೆ ನೆಲ 4.4 ಡಿಗ್ರಿ ಬೆಚ್ಚಗಾಗುತ್ತದೆ ಎಂದು 2009ರಲ್ಲಿ ಪ್ರಕಟವಾದ ಗೋಲ್ಡ್‌ಬ್ಲಾಟ್ ಮತ್ತು ಸಂಗಡಿಗರ ಲೆಕ್ಕಾಚಾರ ತೋರಿಸಿತು. ಅದು ಆಗುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯ ಗೆರೆಗಳನ್ನು ಸಾರಜನಕದ ಡಿಕ್ಕಿಗಳು ಅಗಲಿಸುವುದರಿಂದ.

ಟೈಟನ್ ಇದರ ತುತ್ತತುದಿ. ಶನಿಯ ಈ ಉಪಗ್ರಹದಲ್ಲಿ ಬಿಸಿಲು ಭೂಮಿಯದರ ಶೇ 1ರಷ್ಟು, ಒತ್ತಡ ಒಂದೂವರೆ ಪಟ್ಟಿಗೆ ಹತ್ತಿರ, ಗಾಳಿಯ ಬಹುಪಾಲು ಸಾರಜನಕ. 2005ರ ಜನವರಿ 14ರಂದು ಹ್ಯೂಗೆನ್ಸ್ ನೌಕೆ ಅಲ್ಲಿ ಇಳಿದಾಗ ನೆಲದ ತಾಪ 94 ಕೆಲ್ವಿನ್‌ನ ಸಮೀಪ ಇತ್ತು. ಅಷ್ಟು ತಂಪಾದ ದಟ್ಟ ಗಾಳಿಯಲ್ಲಿ ಸಾರಜನಕದ ಎರಡು ಅಣುಗಳು, ಇಲ್ಲವೇ ಸಾರಜನಕ ಮತ್ತು ಮೀಥೇನ್ ಅಣುಗಳು ಡಿಕ್ಕಿ ಹೊಡೆವ ಗಳಿಗೆಯಲ್ಲಿ ಅವಕ್ಕೆ ಅವಕೆಂಪನ್ನು ಹೀರುವ ಗುಣ ಕ್ಷಣಕಾಲ ಬರುತ್ತದೆ. ಅದರಿಂದ 21 ಡಿಗ್ರಿ ಏರಿಕೆ. ಮೇಲಿನ ಕಿತ್ತಳೆ ಬಣ್ಣದ ಮಬ್ಬು ಬಿಸಿಲನ್ನು ಎತ್ತರದಲ್ಲೇ ತಡೆದು 9 ಡಿಗ್ರಿ ಇಳಿಸುತ್ತದೆ. ಉಳಿದ ಲಾಭ 12 ಡಿಗ್ರಿ. ಒತ್ತಡವೊಂದನ್ನೇ ನೋಡುವ ಸೂತ್ರಕ್ಕೆ ಈ ಮಬ್ಬು ಕಾಣುವುದೇ ಇಲ್ಲ.

ಇಲ್ಲೊಂದು ಹಳೆಯ ಪ್ರಯೋಗವನ್ನು ನೆನೆಯಬೇಕು. 1856ರಲ್ಲಿ ಅಮೆರಿಕದ ವಿಜ್ಞಾನಿ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಒಡ್ಡಿದರು. ಒಂದರಿಂದ ಗಾಳಿ ಎಳೆದು ತೆಗೆದರು, ಇನ್ನೊಂದಕ್ಕೆ ತುಂಬಿದರು. ತುಂಬಿದ್ದು ಹೆಚ್ಚು ಕಾಯಿತು. ಒತ್ತಡ ಮತ್ತು ಬಿಸಿಲು, ಥೇಟು ನಿಮ್ಮ ಪ್ರಶ್ನೆಯೇ. ಆದರೆ ಆಕೆ ಅಲ್ಲಿಗೆ ನಿಲ್ಲಿಸಲಿಲ್ಲ. ಬೇರೆ ಬೇರೆ ಅನಿಲ ತುಂಬಿ ನೋಡಿದಾಗ ಎಲ್ಲಕ್ಕಿಂತ ಹೆಚ್ಚು ಕಾದದ್ದು ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ. ಗಾಜು ಅವಕೆಂಪನ್ನು ತಾನೇ ತಡೆಯುವುದರಿಂದ ಬಿಸಿಲಿನ ಪಾಲು ಎಷ್ಟು, ನೆಲದ ಶಾಖದ ಪಾಲು ಎಷ್ಟು ಎಂದು ಆ ಪ್ರಯೋಗ ಬಿಡಿಸಿ ಹೇಳಲಾರದು. ಅದನ್ನು 1859ರಿಂದ ಜಾನ್ ಟಿಂಡಾಲ್ ಎಂಬ ಭೌತವಿಜ್ಞಾನಿ ಬಿಡಿಸಿದರು. ಸಾರಜನಕ, ಆಮ್ಲಜನಕಗಳು ಶಾಖಕಿರಣವನ್ನು ದಾಟಿಸಿಬಿಡುತ್ತವೆ, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ತಡೆಯುತ್ತವೆ ಎಂದು ಅವರ ಉಪಕರಣ ತೋರಿಸಿತು.

ಆರು ಗೋಳಗಳ ಸೂತ್ರಕ್ಕೆ ಬರುವ ಮುನ್ನ ಸರಾಸರಿಯ ವಿಷಯ ಹೇಳಬೇಕು, ಏಕೆಂದರೆ ಸೂತ್ರದ ಅರ್ಧ ಬಂಡವಾಳ ಅದೇ. ಚಂದ್ರನ ಸಮಭಾಜಕದಲ್ಲಿ ಹಗಲು 120 ಡಿಗ್ರಿ, ರಾತ್ರಿ ಮೈನಸ್ 170ಕ್ಕೂ ಕೆಳಗೆ. ಅರ್ಧ ಮೈ 390 ಕೆಲ್ವಿನ್, ಉಳಿದರ್ಧ 100 ಕೆಲ್ವಿನ್ ಇರುವ ಗೋಳ ಒಂದಿದೆ ಎನ್ನಿ. ಸರಾಸರಿ 245. ಆದರೆ ಸೂಸುವ ಕಿರಣ ತಾಪದ ನಾಲ್ಕನೇ ಘಾತದಂತೆ ಏರುವುದರಿಂದ ಈ ಗೋಳ ಸೂಸುವುದು, ಎಲ್ಲೆಡೆ 328 ಕೆಲ್ವಿನ್ ಇರುವ ಗೋಳ ಸೂಸುವಷ್ಟು! ಅದೇ ಶಕ್ತಿ, ಸಮನಾಗಿ ಹಂಚಿದರೆ ಸರಾಸರಿ 328, ಏರುಪೇರಾಗಿ ಹಂಚಿದರೆ 245. ದಪ್ಪ ವಾತಾವರಣ ಹಗಲಿನ ಶಾಖವನ್ನು ರಾತ್ರಿಗೆ, ಬಿಸಿ ನಾಡಿನದನ್ನು ಧ್ರುವಕ್ಕೆ ಸಾಗಿಸಿ ಏರುಪೇರನ್ನು ಸವರಿ ಹಾಕುತ್ತದೆ. ಇಷ್ಟರಿಂದಲೇ ಸರಾಸರಿ ಏರುತ್ತದೆ, ಹಸಿರುಮನೆ ಅನಿಲ ಇರಲಿ ಬಿಡಲಿ. ಒತ್ತಡಕ್ಕೆ ಸಲ್ಲಬೇಕಾದ ನ್ಯಾಯವಾದ ಪಾಲು ಇದು. ಆದರೆ ಈ ಏರಿಕೆಗೆ ಮಿತಿಯಿದೆ. ಪೂರ್ತಿ ಸಮನಾದರೂ ಭೂಮಿ 255 ಕೆಲ್ವಿನ್ ದಾಟಲಾರದು. ಅದರ ಮೇಲಿನ 33 ಡಿಗ್ರಿಗೆ ಬೇರೆಯೇ ಕಾರಣ ಬೇಕು. ಚಂದ್ರನಂಥ ಬೋಳು ಗೋಳಕ್ಕೆ ಹೋಲಿಸಿ ‘ವಾತಾವರಣ ಭೂಮಿಯನ್ನು 90 ಡಿಗ್ರಿ ಕಾಯಿಸಿದೆ, ಹಸಿರುಮನೆ ಲೆಕ್ಕಕ್ಕೆ ಇದು ನಿಲುಕದು’ ಎನ್ನುವವರು ಈ ಎರಡು ಬೇರೆ ಕೆಲಸಗಳನ್ನು ಒಟ್ಟುಗೂಡಿಸಿಬಿಡುತ್ತಾರೆ.

ಸೂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇರುವುದು ಆರು ಗೋಳ. ಅವುಗಳ ಮೂಲಕ ಹಾಯುವಂತೆ ಗೆರೆ ಎಳೆಯಲು ಸೂತ್ರದಲ್ಲಿ ಬೇಕಾದಂತೆ ತಿರುಚಬಹುದಾದ ಅಂಕಿಗಳು ನಾಲ್ಕು. ಅವುಗಳಲ್ಲೊಂದಾದ ಚಂದ್ರನಿಗೆ ಒತ್ತಡ ಇಲ್ಲದ್ದರಿಂದ ಅದು ತಾನಾಗಿ ಸರಿಬರುತ್ತದೆ, ಉಳಿದದ್ದು ಐದು. ಇಷ್ಟು ಸಡಿಲ ಇದ್ದ ಮೇಲೆ ಗೆರೆ ಚೆನ್ನಾಗಿ ಕೂರದಿದ್ದರೇ ಅಚ್ಚರಿ. ಆ ನಾಲ್ಕು ಅಂಕಿಗಳು ಯಾವ ಭೌತಿಕ ನಿಯಮದಿಂದಲೂ ಹುಟ್ಟಿದವಲ್ಲ, ಗೆರೆ ಕೂರಲೆಂದು ಆರಿಸಿದವು. ಶುಕ್ರನ ಗಾಳಿಯನ್ನೆಲ್ಲ ಅಷ್ಟೇ ತೂಕದ ಆರ್ಗಾನ್ ಆಗಿ ಬದಲಿಸಿದರೂ ಆ ಸೂತ್ರ 464 ಡಿಗ್ರಿಯನ್ನೇ ಹೇಳುತ್ತದೆ.

ಮಾಪನಗಳ ಮಾತೂ ಇದೆ, ನನಗೆ ಅತಿ ಗಟ್ಟಿ ಎನಿಸುವುದು ಇದೇ. 1970ರಲ್ಲಿ ಹಾರಿದ ನಿಂಬಸ್ 4 ಉಪಗ್ರಹ ಭೂಮಿಯಿಂದ ಹೊರಬೀಳುವ ಅವಕೆಂಪನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯಿತು. ಸಹಾರಾ ಮರುಭೂಮಿಯ ಮೇಲೆ, ಗಾಳಿ ಹೆಚ್ಚೇನೂ ಹೀರದ 10-12 ಮೈಕ್ರಾನ್ ಉದ್ದದ ಅಲೆಗಳಲ್ಲಿ ಕಂಡದ್ದು 320 ಕೆಲ್ವಿನ್‌ನ ಕಾದ ಮರಳು. ಅದೇ ಜಾಗ, ಅದೇ ಹೊತ್ತು, 15 ಮೈಕ್ರಾನ್ ಅಲೆಗಳಲ್ಲಿ ಕಂಡದ್ದು ಸುಮಾರು 220 ಕೆಲ್ವಿನ್. ರೋಹಿತದಲ್ಲಿ ಅಲ್ಲೊಂದು ಆಳವಾದ ಗುಂಡಿ ಬಿದ್ದಿದೆ, ಕಾರ್ಬನ್ ಡೈಆಕ್ಸೈಡ್ ಹೀರುವ ಅಲೆಗಳ ಜಾಗದಲ್ಲೇ. ನೆಲದ ಕಿರಣ ಅಲ್ಲಿ ತಪ್ಪಿಸಿಕೊಳ್ಳಲಾಗದೆ, ಎತ್ತರದ ತಣ್ಣನೆಯ ಗಾಳಿಯಿಂದ ಮಾತ್ರ ಹೊರಬೀಳುತ್ತಿದೆ. ಒತ್ತಡ ಎಲ್ಲ ಅಲೆಗಳಿಗೂ ಒಂದೇ. ಒತ್ತಡವಷ್ಟೇ ಕಾರಣವಾಗಿದ್ದರೆ ಆ ಗುಂಡಿಗೆ ಅಲ್ಲಿ ಕೆಲಸವಿರಲಿಲ್ಲ.

ಕೊನೆಯದಾಗಿ, ಒತ್ತಡವೂ ಬಿಸಿಲೂ ಎರಡೂ ಬೇರೆಯಾಗಿದ್ದ ಭೂಮಿಯೊಂದು ಇತ್ತು, 270 ಕೋಟಿ ವರ್ಷ ಹಿಂದೆ. ಸೂರ್ಯನ ಬೆಳಕು ಆಗ ಇಂದಿನದರ ಶೇ 80ರಷ್ಟು. ಒತ್ತಡವನ್ನು ಲಾವಾದ ಗುಳ್ಳೆಗಳಿಂದ ಓದಿದ್ದಾರೆ. ಸಮುದ್ರ ಮಟ್ಟದಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾದ ಮೇಲ್ಪದರದ ಗುಳ್ಳೆಗಳ ಮೇಲೆ ಗಾಳಿಯ ಭಾರ ಮಾತ್ರ ಇರುತ್ತದೆ, ತಳದವುಗಳ ಮೇಲೆ ಗಾಳಿಯ ಜೊತೆ ಲಾವಾದ ಭಾರವೂ. ಎರಡರ ಗಾತ್ರ ಹೋಲಿಸಿದರೆ ಗಾಳಿಯ ಭಾರ ಸಿಗುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾ ಪ್ರದೇಶದ ಅಂಥ ಲಾವಾ ಪದರಗಳಿಂದ 2016ರಲ್ಲಿ ಪ್ರಕಟವಾದ ಉತ್ತರ: ಇಂದಿನ ಒತ್ತಡದ ಅರ್ಧಕ್ಕಿಂತಲೂ ಕಡಿಮೆ. ಬಿಸಿಲು ಮಂದ, ಒತ್ತಡ ಅರ್ಧ. ಇವೆರಡೇ ತಾಪವನ್ನು ನಿರ್ಧರಿಸುವುದಾದರೆ ಭೂಮಿ ಹೆಪ್ಪುಗಟ್ಟಿ ಕೂತಿರಬೇಕಿತ್ತು. ಅದೇ ಕಾಲದ ದಕ್ಷಿಣ ಆಫ್ರಿಕದ ಬಂಡೆಗಳಲ್ಲಿ ಮಳೆಹನಿ ಬಿದ್ದ ಗುರುತುಗಳು ಅಚ್ಚಾಗಿವೆ. ಗಾಳಿಯಲ್ಲಿ ಹಸಿರುಮನೆ ಅನಿಲಗಳ ಪಾಲು ಇಂದಿಗಿಂತ ಬಹಳ ಹೆಚ್ಚಿಲ್ಲದೆ ಅಷ್ಟು ಮಂದ ಸೂರ್ಯನಡಿ ಮಳೆ ಬೀಳುವ ಹವೆ ಇರಲಾರದು.